ಮೀನಿನ ಗಾಡಿಯ ಕೆಮ್ಮು

ನಾನು ಒಂದು ಪೆಟ್ರೋಲ್ ಪಿಕಪ್. ಡೀಸೆಲ್ ಗಾಡಿಗಳು ನನ್ನನ್ನು ಕಂಡರೆ ಮೂಗು ಮುರಿಯುತ್ತವೆ. ಮುರಿಯಲಿ. ಬೆಳಗಾಗುವ ಮೊದಲೇ ಊರೆಲ್ಲ ಎಬ್ಬಿಸುವ ಗಂಟಲು ಅವಕ್ಕೇ ಇರಲಿ. ದೂರದ ಒಂದು ಕಾರ್ಖಾನೆಯಲ್ಲಿ ನನ್ನಂಥವೇ ಇಪ್ಪತ್ತು ಗಾಡಿಗಳ ಸಾಲಿನಲ್ಲಿ ಹುಟ್ಟಿದೆ. ಮೊದಲ ಒಡೆಯ ಹುಬ್ಬಳ್ಳಿಯ ಒಬ್ಬ ಬೇಕರಿಯವ. ಆರು ವರ್ಷ ಬ್ರೆಡ್ಡು, ಬನ್ನು ಹೊತ್ತೆ. ಹಗುರ ಹೊರೆ, ಸಪಾಟು ರಸ್ತೆ, ಮೈತುಂಬ ಬಿಸ್ಕತ್ತಿನ ಪರಿಮಳ. ಬದುಕೆಂದರೆ ಇಷ್ಟೇ ಎಂದುಕೊಂಡಿದ್ದೆ.

ಆಮೇಲೆ ನನ್ನನ್ನು ಕೊಂಡವಳು ಕುಮಟೆಯ ಶೇವಂತಿ ಹರಿಕಂತ್ರ. ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸು. ನಾನು ಅಂಗಳಕ್ಕೆ ಬಂದ ದಿನ ಅರಿಶಿನ ಕುಂಕುಮ ಹಚ್ಚಿ, ಮರುದಿನವೇ ಮೀನಿನ ಪೆಟ್ಟಿಗೆ ಹೇರಿದಳು. ಬಿಸ್ಕತ್ತಿನ ಪರಿಮಳ ಅಂದೇ ಮುಗಿಯಿತು. ಬೆಳಿಗ್ಗೆ ಬಂದರಿನಲ್ಲಿ ಬಂಗಡೆ, ತಾರ್ಲೆ, ಮೇಲೆ ಮಂಜುಗಡ್ಡೆ ತುಂಬಿಕೊಂಡು ದೇವಿಮನೆ ಘಟ್ಟ ಹತ್ತಬೇಕು. ಎಂಟು ಗಂಟೆಗೆ ಶಿರಸಿ ಪೇಟೆಯಲ್ಲಿರಬೇಕು.

ನನ್ನನ್ನು ಓಡಿಸುತ್ತಿದ್ದವನು ಜಟ್ಟಿ ನಾಯ್ಕ. ಹನ್ನೊಂದು ವರ್ಷ ಅವನ ಕೈಯಲ್ಲಿದ್ದೆ. ಮಾತು ಕಡಿಮೆ, ಕಿವಿ ಚುರುಕು. ನನ್ನ ಸದ್ದಿನಲ್ಲಿ ಸಣ್ಣ ವ್ಯತ್ಯಾಸವಾದರೂ ಅವನಿಗೆ ತಿಳಿಯುತ್ತಿತ್ತು. ಅಂಥವನನ್ನೇ ನಾನು ಸುಳ್ಳುಗಾರನನ್ನಾಗಿ ಮಾಡಿದೆ.

ಅದು ಶುರುವಾದದ್ದು ಒಂದು ಫೆಬ್ರವರಿಯಲ್ಲಿ. ಘಟ್ಟದ ಮೇಲಿನ ಕಡಿದಾದ ತಿರುವಿನಲ್ಲಿ ನನಗೆ ಉಸಿರು ಸಿಕ್ಕಿಕೊಂಡಿತು. ಫಟ್ ಫಟ್ ಎಂದು ಕೆಮ್ಮಿ ನಿಂತೆ. ಅರ್ಧ ಗಂಟೆ ಕಳೆದ ಮೇಲೆ ಏನೂ ಆಗದವನ ಹಾಗೆ ಹೊರಟೆ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಮತ್ತೆ ಅದೇ ಕಥೆ.

ನೋವು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಎಂಜಿನ್ನಿಗೆ ಪೆಟ್ರೋಲೂ ಗಾಳಿಯೂ ಹದವಾಗಿ ಬೆರೆತು ಬರಬೇಕು. ಪೆಟ್ರೋಲ್ ಎಳೆಯುವ ಪಂಪಿಗೆ ಟ್ಯಾಂಕಿನ ಕಡೆಯಿಂದ ಬರುವ ಗೇಣುದ್ದದ ರಬ್ಬರ್ ಪೈಪಿನ ಅಡಿಭಾಗ ಸೀಳಿತ್ತು. ಎಂಜಿನ್ ಕೂರುವ ರಬ್ಬರೂ ಹಳತಾಗಿತ್ತು. ತುಂಬಿದ ಹೊರೆಯಲ್ಲಿ ಏರು ಹತ್ತುವಾಗ ಎಂಜಿನ್ ಒಂದು ಕಡೆ ವಾಲುತ್ತಿತ್ತು, ಪೈಪು ಜಗ್ಗಿ ಸೀಳು ಬಾಯಿ ತೆರೆಯುತ್ತಿತ್ತು. ಪೆಟ್ರೋಲ್ ಒಂದು ಹನಿಯೂ ಹೊರಗೆ ಸೋರುತ್ತಿರಲಿಲ್ಲ, ಗಾಳಿ ಮಾತ್ರ ಒಳಗೆ ನುಗ್ಗುತ್ತಿತ್ತು. ಹೊರೆ ಇಳಿದರೆ, ಇಲ್ಲವೇ ಎಂಜಿನ್ ನಿಂತು ತಣಿದರೆ, ಸೀಳು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಇಷ್ಟನ್ನು ಹೇಳಲು ನನಗೆ ನಾಲಿಗೆ ಬೇಕಿತ್ತು.

ಜಟ್ಟಿ ನನ್ನನ್ನು ಇನಾಸನ ಗ್ಯಾರೇಜಿಗೆ ಒಯ್ದ. ಇನಾಸ ಕೈಗುಣವಿದ್ದ ಮೆಕ್ಯಾನಿಕ್. ಆದರೆ ಅವನ ಪಕ್ಕದಲ್ಲೇ ಒಂದು ಸಸ್ಯಾಹಾರಿ ಖಾನಾವಳಿ ಇತ್ತು. ಮೀನಿನ ವಾಸನೆ ಬಂದರೆ ಅದರ ಯಜಮಾನ ಸೌಟು ಹಿಡಿದೇ ಜಗಳಕ್ಕೆ ಬರುತ್ತಿದ್ದ. ಹಾಗಾಗಿ ಇನಾಸನದು ಒಂದೇ ಕಟ್ಟಳೆ: "ಮೀನು ಇಳಿಸಿ, ತೊಳ್ದು, ಆಮೇಲೆ ತಕೊಂಡು ಬಾ."

ಖಾಲಿಯಾಗಿ, ಮಿಂದು, ಮದುಮಗನಂತೆ ಹೋದೆ. ಇನಾಸ ಪ್ಲಗ್ಗು ಬಿಚ್ಚಿದ. ಅದು ಸುಣ್ಣದಷ್ಟು ಬೆಳ್ಳಗಿತ್ತು. "ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ ಹೋಗ್ತದೆ" ಅಂದ. ಇನ್ನೇನು ಸೀಳು ಸಿಕ್ಕಿತು ಎಂದುಕೊಂಡೆ. ಕಾರ್ಬ್ಯುರೇಟರ್ ತೊಳೆದ, ಫಿಲ್ಟರ್ ಬದಲಿಸಿದ, ಊರೊಳಗೆ ಒಂದು ಸುತ್ತು ಓಡಿಸಿ ನೋಡಿದ. ನಾನು ಬೆಣ್ಣೆಯ ಹಾಗೆ ಓಡಿದೆ. "ಗಾಡಿ ಫಸ್ಟ್ ಕ್ಲಾಸ್ ಅದೆ" ಅಂದ. ಮೂರು ಸಲ ಹೋದಾಗಲೂ ಇದೇ ಮಾತು.

ಶೇವಂತಿಯ ಮುಖ ಗಂಟಿಕ್ಕತೊಡಗಿತು. ತಡವಾಗಿ ಬಂದ ಮೀನನ್ನು ಶಿರಸಿಯವರು ಮೂಸಿ ನೋಡಿ ಬಿಟ್ಟು ಹೋಗುತ್ತಿದ್ದರು. ಜಟ್ಟಿ ಘಟ್ಟದ ಹೋಟೆಲಿಗೆ ಕದ್ದು ಮೀನು ಕೊಡುತ್ತಾನೆ, ಅದಕ್ಕೇ ತಡ ಎಂದು ಪೇಟೆಯಲ್ಲಿ ಯಾರೋ ಊದಿದರು.

"ಗ್ಯಾರೇಜಲ್ಲಿ ಸರಿ ಇದ್ದ ಗಾಡಿ ಘಟ್ಟದಲ್ಲಿ ಮಾತ್ರ ಹೆಂಗೆ ಕೆಡ್ತದೆ ಜಟ್ಟಿ?"

"ನಾಳೆ ನೀವೇ ಬನ್ನಿ ಅಕ್ಕಾ. ಕಣ್ಣಾರೆ ನೋಡಿ."

ಮರುದಿನ ಅವಳು ಮುಂದೆ ಕೂತಳು. ಅಂದು ಬಂದರಿನಲ್ಲಿ ಮೀನು ಕಡಿಮೆ. ಅರ್ಧ ಹೊರೆಯೂ ಇರಲಿಲ್ಲ. ಘಟ್ಟ ಶುರುವಾಯಿತು. ಜಟ್ಟಿ ನನ್ನ ಸದ್ದಿಗೇ ಕಿವಿಗೊಟ್ಟಿದ್ದ. ಕೆಡಬೇಕು, ಇವತ್ತೊಂದು ದಿನ ಕೆಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಗಾಡಿಯೊಂದು ಹೀಗೆ ಬೇಡಿಕೊಳ್ಳುವುದುಂಟೆ? ಆ ತಿರುವು ಬಂತು, ಹೋಯಿತು. ನಾನು ಒಂದು ಸಲವೂ ಕೆಮ್ಮಲಿಲ್ಲ. ಜಟ್ಟಿ ರಸ್ತೆಯಿಂದ ಕಣ್ಣು ಕೀಳಲಿಲ್ಲ.

ಪೇಟೆಯಲ್ಲಿ ಎಲ್ಲರೆದುರು ಅವಳು ಕೈ ಚಾಚಿದಳು. "ಚಾವಿ ಕೊಡು. ನಿನ್ನಂಥ ಕಳ್ಳನ್ನ ಇಟ್ಕೊಳ್ಳೂಕೆ ನನ್ನಿಂದಾಗ."

ಜಟ್ಟಿ ಚಾವಿ ಕೊಟ್ಟು ಬಸ್ಸು ಹತ್ತಿದ. ನಾನು ನೋಡುತ್ತ ನಿಂತಿದ್ದೆ.

ಅಂಕೋಲೆಯಿಂದ ಹೊಸ ಡ್ರೈವರ್ ಬಂದ. ಶೇವಂತಿಗೆ ಈಗ ಯಾರ ಮೇಲೂ ನಂಬಿಕೆಯಿಲ್ಲ, ದಿನಾ ಪಕ್ಕದಲ್ಲೇ ಕೂರುತ್ತಿದ್ದಳು. ಎಂಟು ದಿನ ಹೊರೆ ಹಗುರವೇ ಇತ್ತು. ಒಂಬತ್ತನೆಯ ದಿನ ಬಲೆ ಹರಿಯುವಷ್ಟು ಬಂಗಡೆ ಬಿದ್ದಿತ್ತು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಹೇರಿದರು. ಆ ತಿರುವಿನಲ್ಲಿ ಎಂಜಿನ್ ವಾಲಿತು, ಸೀಳು ಬಾಯಿ ತೆರೆಯಿತು, ನಾನು ಕೆಮ್ಮಿ ಸತ್ತೆ. ಡ್ರೈವರ್ ಬ್ರೇಕು ಒತ್ತಿದ. ಹೊರೆ ನನ್ನನ್ನು ಹಿಂದಕ್ಕೆ ಎಳೆಯಿತು. ಒಂದು ಮಾರು, ಎರಡು ಮಾರು ಜಾರಿದೆ. ಹಿಂದೆ ಜನ ತುಂಬಿದ ಬಸ್ಸು ಹಾರ್ನು ಹೊಡೆಯುತ್ತಿತ್ತು, ಎಡಕ್ಕೆ ಕಂದಕ. ಶೇವಂತಿ ಬಾಗಿಲು ತೆಗೆದು ಹಾರಿ, ರಸ್ತೆಬದಿಯ ಕಲ್ಲೊಂದನ್ನು ಎತ್ತಿ ಚಕ್ರದ ಹಿಂದೆ ಕೊಟ್ಟಳು. ನಾನು ನಿಂತೆ. ಅವಳು ಆ ಕಲ್ಲಿನ ಪಕ್ಕದಲ್ಲೇ ಕೂತಳು.

"ಜಟ್ಟಿ ಹೇಳಿದ್ದು ಇದನ್ನೇ" ಅಂದಳು. ಹೊಸ ಡ್ರೈವರನಿಗೆ ಏನೂ ಅರ್ಥವಾಗಲಿಲ್ಲ.

ಫೋನು ಮಾಡಿದ ಮೇಲೆ ಇನಾಸ ಸ್ಕೂಟರಿನಲ್ಲಿ ಬಂದ. ಡ್ರೈವರ್ ಪೆಟ್ಟಿಗೆ ಇಳಿಸಲು ಕೈ ಹಾಕಿದ್ದ. "ಮುಟ್ಬೇಡ!" ಎಂದು ಇನಾಸ ಕೂಗಿದ. "ಹೊರೆ ಇರಲಿ. ಇಷ್ಟು ದಿನ ಖಾಲಿ ಗಾಡಿ ನೋಡಿ ನಾನೇ ಬೇಸ್ತು ಬಿದ್ದೆ."

ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಕಡೆ ಒಂದು ಪಾರದರ್ಶಕ ಪೈಪು ಸಿಕ್ಕಿಸಿದ. ಡ್ರೈವರ್ ಎಂಜಿನ್ ಶುರುಮಾಡಿ, ಬ್ರೇಕು ಒತ್ತಿಕೊಂಡೇ ಫಸ್ಟ್ ಗೇರಿಗೆ ಹಾಕಿ ಕ್ಲಚ್ಚು ಅರ್ಧ ಬಿಟ್ಟ. ಎಂಜಿನ್ ವಾಲಿತು. ಶೇವಂತಿ ಬಗ್ಗಿ ನೋಡುತ್ತಿದ್ದಳು. ಸೋಡಾ ಬಾಟಲಿಯಲ್ಲಿ ಏಳುವಂತೆ ಪೈಪಿನ ತುಂಬ ಗುಳ್ಳೆಗಳು.

ಇನಾಸ ಪಂಪಿನ ಹಿಂದೆ ಬೆರಳಾಡಿಸಿ ಹಳೇ ಪೈಪು ಕಿತ್ತು, ಮಡಚಿ, ಸೀಳು ತೋರಿಸಿದ. ಹೊಸತು ಹಾಕಲು ಕಾಲು ಗಂಟೆಯೂ ಹಿಡಿಯಲಿಲ್ಲ. ಘಟ್ಟ ಹತ್ತಿದೆ.

ಅದೇ ಸಂಜೆ ಶೇವಂತಿ ಹೊಸ ಡ್ರೈವರನನ್ನು ಕೂರಿಸಿಕೊಂಡು ನನ್ನಲ್ಲೇ ಕೆಂಪು ಚಿರೆಕಲ್ಲು ಕಡಿಯುವ ಕ್ವಾರಿಗೆ ಹೋದಳು. ಜಟ್ಟಿ ಅಲ್ಲಿ ಲಾರಿಗೆ ಕಲ್ಲು ಹೊರುತ್ತಿದ್ದ. ಕೆಂಪು ಧೂಳಿನಲ್ಲಿ ಗುರುತೇ ಸಿಗಲಿಲ್ಲ. ಅವಳು ಪೈಪು ಮುಂದೆ ಹಿಡಿದಳು.

"ನೀ ಹೇಳಿದ್ದೇ ಖರೆ. ನಂದು ತಪ್ಪಾಯ್ತು ಜಟ್ಟಿ. ನಾಳೆಯಿಂದ ಬಾ."

ಕೆಲಸದವರೆಲ್ಲ ಕಲ್ಲು ಇಳಿಸಿ ನೋಡುತ್ತಿದ್ದರು. ಜಟ್ಟಿ ಪೈಪು ಮಡಚಿ ಸೀಳು ನೋಡಿದ.

"ಹನ್ನೊಂದು ವರ್ಷ ನಿಮ್ಮ ಗಾಡಿ ಹೊಡ್ದೆ ಅಕ್ಕಾ. ನನ್ನ ಮಾತು ಸಾಕಾಗ್ಲಿಲ್ಲ. ಈ ರಬ್ಬರು ಹೇಳಿದ ಮೇಲೆ ನಂಬಿದ್ರಿ." ಪೈಪನ್ನು ಅವಳ ಕೈಗೇ ವಾಪಸು ಕೊಟ್ಟ. "ಸಿಟ್ಟಿಲ್ಲ. ಆದ್ರೆ ಬರೂದಿಲ್ಲ."

ಆಮೇಲೆ ನನ್ನ ಬಳಿ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ. "ನಿಂದೆಂತ ತಪ್ಪಿಲ್ಲ ಬಿಡು" ಅಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಮತ್ತೆ ಆರು ವರ್ಷ ಮೀನು ಹೊತ್ತೆ. ಎಂದೂ ಕೆಮ್ಮಲಿಲ್ಲ. ಈಗ ಎಂಜಿನ್ ಬಿಚ್ಚಿ ಮಾರಿದ್ದಾರೆ. ಶೇವಂತಿಯ ಮನೆಯ ಮುಂದೆ, ರಸ್ತೆಗೆ ಮುಖ ಮಾಡಿ, ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಅವಳ ಮಂಡಿಯೂ ಸೋತಿದೆ, ಜಗಲಿಯಲ್ಲಿ ಶೆಟ್ಲಿ ಸಿಗಡಿಯ ಸಿಪ್ಪೆ ಸುಲಿಯುತ್ತ ಕೂರುತ್ತಾಳೆ. ವಾರಕ್ಕೊಮ್ಮೆ ಜಟ್ಟಿ ಯಾರದೋ ಲಾರಿ ಓಡಿಸಿಕೊಂಡು ಈ ದಾರಿಯಲ್ಲಿ ಹೋಗುತ್ತಾನೆ. ನನ್ನ ಎದುರು ಬಂದಾಗ ಎರಡು ಸಲ ಹಾರ್ನು ಹೊಡೆಯುತ್ತಾನೆ. ಶೇವಂತಿ ಥಟ್ಟನೆ ತಲೆಯೆತ್ತುತ್ತಾಳೆ. ಆ ಹಾರ್ನು ತನಗಲ್ಲ ಎಂದು ಅವಳಿಗೆ ಗೊತ್ತು. ನನಗಾದರೋ ತಿರುಗಿ ಹೊಡೆಯೋಣವೆಂದರೆ ಬ್ಯಾಟರಿಯೇ ಇಲ್ಲ. ಲಾರಿ ತಿರುವು ದಾಟುವವರೆಗೆ ಇಬ್ಬರೂ ನೋಡುತ್ತಿರುತ್ತೇವೆ.