ಪಿನ್ನಿಲ್ಲದ ಬಂದೂಕು

ಹಾಳಾದ ಸ್ಪ್ರಿಂಗು ಚಂಗನ ಜಿಗಿದು ನನ್ನ ಹಣಿಗೆ ಬಡೀತು.

"ಇದರ ಹೆಣಾ ಎತ್ಲಿ!" ಅಂತ ಬೈದೆ. ಬೈದ ಮ್ಯಾಲೆ ನಾಲಿಗಿ ಕಚ್ಚಿಕೊಂಡೆ. ಒಳಗ ಸೊಸಿ ಸಹನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಳು. ಹೆಸರಿಡೂಕಿಂತ ಮದ್ಲ ಹೋದ ಮೊಮ್ಮಗನ್ನ ಹೊಲದ ಬದುವಿನ್ಯಾಗ ಮಣ್ಣು ಮಾಡಿ ಬಂದು ತಿಂಗಳಾ ತುಂಬಿರಲಿಲ್ಲ. ಮಗ ರೋಹಿತ ದುಃಖಾ ನುಂಗಿಕೊಂಡು ದಾಂಡೇಲಿಗೆ ಡ್ಯೂಟಿಗೆ ಹೋಗಿದ್ದ.

ಈ ರೈಫಲ್ ನಮ್ಮಪ್ಪನ ಕಾಲದ್ದು. ಬೋಲ್ಟ್ ಹಿಂದಕ್ಕ ಎಳದು, ಮುಂದಕ್ಕ ದೂಡಿ, ಒಂದೊಂದ ಗುಂಡು ಹೊಡಿಯೂದು. ಸಾಂಬ್ರಾಣಿ ಊರಾಗಿನ ನಮ್ಮ ಹೊಲಕ್ಕ ಬರೂ ಹಂದಿ ಬೆದರಸಾಕ ಅಂತ ಲೈಸೆನ್ಸು. ಅದನ್ನ ಬಿಚ್ಚಿ ಎಣ್ಣಿ ಹಚ್ಚಾಕ ಕುಂತ ದಿನಾನ ಕೂಸಿಗೆ ಜ್ವರ ಏರಿತ್ತು. ಬಿಚ್ಚಿದ ಸಾಮಾನು ಗೋಣಿಚೀಲದ ಮ್ಯಾಲೆ ಹಂಗ ಬಿಟ್ಟು ಓಡ್ಯಾಡಿದ್ವಿ. ಆಮ್ಯಾಲೆ ಯಾರಿಗೆ ಬೇಕಿತ್ತು ಬಂದೂಕು? ಸುತ್ತಿ ಮೂಲಿಗೆ ಒಗದಿದ್ದೆ.

ಈಗ ನೋಡ್ರಿ, ಎಲೆಕ್ಷನ್ ಬಂತು. ಬಂದೂಕು ಇವತ್ತ ಸಂಜಿಯೊಳಗ ಠಾಣೆಗೆ ತಂದು ಕೊಡಬೇಕು, ಒಂದ ಸಾಮಾನು ಕಡಿಮಿ ಇದ್ರೂ ಲೈಸೆನ್ಸ್ ಹೋತು ಅಂತ ಪೊಲೀಸಪ್ಪ ಫೋನ್ ಮಾಡಿ ಅಂಜಿಸಿದ್ದ. ಲೈಸೆನ್ಸ್ ಹೋದ್ರ ಗೋವಿನಜೋಳ ಪೂರಾ ಹಂದಿ ಪಾಲು. ಮುಂಜಾನಿಂದ ಜೋಡಸಾಕತ್ತೇನಿ, ಜೋಡಿಸಿದ್ದು ನಿಲ್ಲವಲ್ದು.

ಬಾಜೂ ಹೊಲದ ಪೆದ್ರು, ಸಿದ್ದಿ ಹುಡುಗ, ನನ್ನ ಬೈಗಳಾ ಕೇಳಿ ಬಂದ. ಬಗ್ಗಿ ನೋಡಿದ.

"ಮಲಕಪ್ಪ ಕಾಕಾ, ಗುಂಡಿನ ಬೆನ್ನಿಗೆ ಬಡಿಯೂ ಪಿನ್ನ ಎಲ್ಲೈತ್ರಿ?"

ಇರಲಿಲ್ಲ. ಅರ್ಧ ಗೇಣುದ್ದದ ಕಬ್ಬಿಣ, ಸ್ಪ್ರಿಂಗಿನ ಹೊಟ್ಟ್ಯಾಗ ಇರಬೇಕಾದ್ದು. ನನ್ನ ತಲಿ ನೆಟ್ಟಗಿದ್ರ ಮದ್ಲ ಕಾಣತಿತ್ತು. ಅಂಗಳಾ ಬಳದ್ವಿ, ಮಣ್ಣು ಜರಡಿ ಹಿಡದ್ವಿ. ನಾ ಬೆಕ್ಕಿಗೂ ಬೈದೆ, ಪೆದ್ರುಗೂ ಬೈದೆ. ಪಾಪ, ಅಂವ ಸುಮ್ಮನ ಹುಡುಕಿದ.

ನನ್ನ ಹೆಂಡತಿ ಗುರುಬಸವ್ವ ಅಡಗಿಮನಿ ಬಾಗಲದಾಗ ನಿಂತು ನೋಡಾಕತ್ತಿದ್ಳು.

"ಹುಡುಕಬ್ಯಾಡ್ರಿ," ಅಂದ್ಳು. "ಅದು ಕೂಸಿನ ಕೂಡ ಹೋಗೇತಿ."

ನನಗ ತಿಳೀಲಿಲ್ಲ. ಸೆರಗು ಬಾಯಿಗೆ ಹಿಡಕೊಂಡು ಹೇಳಿದ್ಳು. ಆವತ್ತು ಕೂಸು ನಿದ್ದ್ಯಾಗ ಬೆಚ್ಚಿಬೀಳತಿತ್ತಂತ. ಕಬ್ಬಿಣ ಹತ್ರ ಇದ್ರ ಗಾಳಿ-ಪೀಡಿ ಬರಂಗಿಲ್ಲ ಅಂತ, ಗೋಣಿ ಮ್ಯಾಲಿದ್ದ ಪಿನ್ನ ತಗೊಂಡು ಕೂಸಿಗೆ ಹೊಚ್ಚಿದ್ದ ದುಪಟಿ ಚುಂಗಿಗೆ ಗಂಟು ಹಾಕಿದ್ಳಂತ. ಅದ ದುಪಟ್ಯಾಗ ಸುತ್ತಿ ನಾವು ಕೂಸನ್ನ ಮಣ್ಣಿಗೆ ಇಟ್ಟಿದ್ವಿ.

"ಮನ್ಯಾಗ ಕುಡಗೋಲು ಇರಲಿಲ್ಲೇನ? ಚಾಕು ಇರಲಿಲ್ಲೇನ ನಿನಗ?" ಅಂತ ಒದರಿದೆ.

"ಎಳೀ ಕೂಸಿನ ಹತ್ರ ಹರಿತಾದ್ದು ಹೆಂಗ ಇಡ್ಲಿ? ಹಂದಿ ಹೆದರೂ ಬಂದೂಕಿನ ಕಬ್ಬಿಣಕ್ಕ ಪೀಡಿ ಹೆದರಂಗಿಲ್ಲೇನು ಅಂದ್ಕೊಂಡೆ. ಆಮ್ಯಾಲೆ ನೆನಪಾತು, ಹೇಳಾಕ ಬಾಯಿ ಬರಲಿಲ್ರಿ."

ನನ್ನ ಸಿಟ್ಟು ಅಲ್ಲೇ ಇಳೀತು. ಯಾರ ಮ್ಯಾಲೆ ಸಿಟ್ಟು ಮಾಡ್ಲಿ?

ಪೆದ್ರು ದನಿ ಸಣ್ಣ ಮಾಡಿ ಅಂದ: "ಮಣ್ಣು ಇನ್ನೂ ಮೆತ್ತಗೈತಿ ಕಾಕಾ. ನೀವು ಬರಬ್ಯಾಡ್ರಿ. ನಾ ಒಬ್ನ ಹೋಗಿ ತರ್ತೇನಿ, ಯಾರಿಗೂ ಗೊತ್ತಾಗಂಗಿಲ್ಲ."

ಬ್ಯಾಡ ಅನ್ನಲಿಲ್ಲ ನಾ. ಹಂದಿ ಹೊಕ್ಕ ಹೊಲಾ ಕಣ್ಣ ಮುಂದ ಬಂತು. ಅಂವ ಸಲಿಕಿ ಕೈಯಾಗ ತಗೊಂಡ.

ಅಷ್ಟೊತ್ತಿಗೆ ಸಹನಾ ಬಾಗಲಕ್ಕ ಬಂದು ನಿಂತ್ಳು. ಹಾಲು ಸೋರಿ ಕುಪ್ಪಸ ಒದ್ದಿ ಆಗಿತ್ತು, ಅದರ ಖಬರಿಲ್ಲ ಆಕಿಗೆ.

"ಮಾವಾ, ಅದನ್ನ ತಗೀಬ್ಯಾಡ್ರಿ," ಅಂದ್ಳು. "ಅಲ್ಲಿ ಅವನ ಹತ್ರ ಮತ್ತ ಏನೈತ್ರಿ?"

ಪೆದ್ರು ಸಲಿಕಿ ಕೆಳಗ ಇಟ್ಟ. ನನಗ ಅಳು ತಡಿಯಾಕಾಗಲಿಲ್ಲ. ಸೊಸಿ ಮುಂದ ನಾಚಿಕಿ ಬಿಟ್ಟು ಅತ್ತುಬಿಟ್ಟೆ.

ಸಂಜಿಗೆ ಬಂದೂಕು ಗೋಣ್ಯಾಗ ಸುತ್ತಿಕೊಂಡು ಠಾಣೆಗೆ ಹೋದೆ. ಸಾಹೇಬ್ರು ಬೋಲ್ಟ್ ಎಳದು ನೋಡಿ ಹುಬ್ಬು ಗಂಟು ಹಾಕಿದ್ರು.

"ಪಿನ್ನ ಎಲ್ಲಿ? ಕಳದೀಯೇನು? ಹೋಗಿ ಹುಡುಕ್ಕೊಂಡು ಬಾ. ಇಲ್ಲಂದ್ರ ನಿನ್ನ ಲೈಸೆನ್ಸ್ ಉಳಿಯಂಗಿಲ್ಲ, ತಿಳ್ಕೊ."

"ಕಳದಿಲ್ರಿ ಸಾಹೇಬ್ರ. ಎಲ್ಲೈತಿ ಅನ್ನೂದು ನನಗ ಗೊತ್ತೈತಿ. ತರಂಗಿಲ್ಲ."

ನಾ ಲೈಸೆನ್ಸ್ ಪುಸ್ತಕಾ ತಗದು ಬಂದೂಕಿನ ಬಾಜೂಕ ಇಟ್ಟು, ಮನಿಗೆ ಬಂದೆ.