ಅಡುಗೆಮನೆಯ ಸಪ್ಪಳ

ಕಿವಿಗೆ ಯಂತ್ರ ಹಾಕಿಕೊಂಡ ಮೊದಲ ದಿನ ನಾನು ಜಗಳ ತೆಗೆದದ್ದು ನನ್ನ ಚಪ್ಪಲಿಗಳ ಜೊತೆ. ತೊರವಿಯ ನಮ್ಮ ಓಣಿಯಲ್ಲಿ ಯಾರೋ ಬೆನ್ನ ಹಿಂದೆಯೇ ಬರುತ್ತಿದ್ದಾರೆ ಅನಿಸಿ ಮತ್ತೆ ಮತ್ತೆ ತಿರುಗಿ ನೋಡಿದೆ. ಕಡೆಗೆ ನಿಂತು, "ಯಾರಲೇ ಅದು?" ಎಂದು ಗದರಿಸಿದೆ. ಯಾರೂ ಇರಲಿಲ್ಲ. ನಾನು ನಿಂತರೆ ಸಪ್ಪಳವೂ ನಿಲ್ಲುತ್ತಿತ್ತು. ಕಟ್ಟೆಯ ಮೇಲೆ ಕೂತ ಮಂದಿ ನಕ್ಕರು, ಆ ನಗೆಯೂ ಕೇಳಿಸಿತು.

ನನ್ನ ಹೆಸರು ಮರೆಪ್ಪ. ಸೊಲ್ಲಾಪುರ ರಸ್ತೆಯ ಒಂದು ಗ್ಯಾರೇಜಿನಲ್ಲಿ ಲಾರಿಗಳಿಗೆ ತಗಡು ಬಡಿದು ಕೂಡಿಸುವ ಕೆಲಸ. ಹರೆಯದಿಂದ ಸುತ್ತಿಗೆಯ ಪಕ್ಕದಲ್ಲೇ ಕಿವಿ ಇಟ್ಟು ದುಡಿದದ್ದಕ್ಕೆ, ಮಗಳು ಮೇಘಾ ಶಾಲೆಗೆ ಸೇರುವ ಹೊತ್ತಿಗೆ ಮನುಷ್ಯರ ಮಾತು ನನ್ನ ಪಾಲಿಗೆ ನಿಂತುಹೋಗಿತ್ತು. ಅದೇ ಮೇಘಾ ಈಗ ಜಲನಗರದ ಒಂದು ದವಾಖಾನೆಯಲ್ಲಿ ನರ್ಸ್, ಇರುವುದೂ ಅಲ್ಲೇ. ಹಟ ಹಿಡಿದು ಯಂತ್ರ ಹಾಕಿಸಿದವಳು ಅವಳೇ. ನನ್ನ ಮೊಬೈಲಿನಲ್ಲಿ 'ಕಿವಿಯಂತ್ರದವರು' ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿ, "ಏನ ಸಂಶಯ ಬಂದ್ರೂ ಇಲ್ಲಿ ಕೇಳಪಾ, ನನ್ನ ತಲಿ ತಿನ್ನಬ್ಯಾಡ" ಎಂದವಳೂ ಅವಳೇ.

ಗುಂಪು ಕಟ್ಟಿದವರು ಟಿಕೋಟಾದ ಅಮೋಘಿ ಮಾಸ್ತರರು. ಅವರಿಗೆ ಎರಡೂ ಕಿವಿಗೆ ಯಂತ್ರ. ದಿನಾ ಬೆಳಿಗ್ಗೆ ಒಂದು ಉಪಾಯ ಹೇಳುತ್ತಿದ್ದರು. ಕುಕ್ಕರ್ ಸೀಟಿ ಹೊಡೆಯುವ ಮೊದಲು ಸದ್ದು ತಗ್ಗಿಸಿಕೊಳ್ಳಿ, ಬೆವರು ಹತ್ತಿದರೆ ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಬಿಳಿ ಕಾಳಿನ ಪುಡಿಕೆಯ ಜೊತೆ ಇಡಿ, ಸಂತೆಗೆ ಹೋಗುವ ಮುಂಚೆ ಮನೆಯಲ್ಲಿ ಅಭ್ಯಾಸ ಮಾಡಿ, ಹೀಗೆ. ಬಬಲೇಶ್ವರದ ಮಶಾಕಸಾಬರೂ ಅದರಲ್ಲಿದ್ದರು. ಅವರಿಗೆ ಬರೆಯಲು ಬಾರದ್ದರಿಂದ ಅವರ ಪರವಾಗಿ ಹೆಂಡತಿ ಅಬೇದಾ ಬರೆಯುತ್ತಿದ್ದಳು. ಇಡೀ ಗುಂಪಿನಲ್ಲಿ ಕಿವಿ ನೆಟ್ಟಗಿದ್ದದ್ದು ಆಕೆಯೊಬ್ಬಳದೇ.

ಎಲ್ಲರೂ ತಮ್ಮ ಮನಸ್ಸಿನದನ್ನು ಅಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬರು ಮೊಮ್ಮಗಳ ಅಳು ಮೊದಲ ಸಲ ಕೇಳಿಸಿತೆಂದು ಬರೆದರೆ, ಇನ್ನೊಬ್ಬರು ಸಾಕಪ್ಪ ಈ ಗದ್ದಲ ಎಂದು ಬೈದುಕೊಂಡರು. ನಾನೂ ಜಂಬದಿಂದ ಬರೆದೆ: "ನನಗ ಮನ್ಯಾಗ ಏನೂ ತ್ರಾಸ ಇಲ್ಲರಿ. ನಮ್ಮ ಮನಿಯಾಕಿ ಮಾತು ಭಾಳ ಕಡಿಮಿ."

ನನಗೆ ಹಿಡಿದ ಹುಚ್ಚು ಬೇರೆ. ಗುರುತು ಸಿಗದ ಸಪ್ಪಳ ಕೇಳಿದರೆ ಸಾಕು, ಮೊಬೈಲಿನಲ್ಲಿ ಹಿಡಿದು ಗುಂಪಿಗೆ ಹಾಕಿಬಿಡುತ್ತಿದ್ದೆ. "ಇದೇನ್ರಿ?" ಗೋಡೆಯ ಮೇಲಿನ ಹಲ್ಲಿ ಎಂದರು. "ಇದು?" ಸಾಸಿವೆ ಸಿಡಿಯುವುದು. "ಕಟಕಟ ಅಂತೈತಲ್ಲ, ಇದು?" ನೀವು ಅವಲಕ್ಕಿ ತಿನ್ನಾಕತ್ತೀರಿ ಮರೆಪ್ಪಣ್ಣ ಎಂದು ಅಬೇದಾ ಬರೆದಳು. ಐವತ್ತು ದಾಟಿದ ಮೇಲೆ ಲೋಕ ಹೊಸದಾಗಿ ಸಿಕ್ಕ ಹಾಗೆ ಆಗಿತ್ತು. ಸುಮ್ಮನೆ ಕೂಡುವುದು ನನ್ನಿಂದಾಗುತ್ತಿರಲಿಲ್ಲ.

ಒಂದು ಸಪ್ಪಳ ಮಾತ್ರ ಬಗೆಹರಿಯಲಿಲ್ಲ. ಅದು ಬೆಳಿಗ್ಗೆ ನಮ್ಮ ಅಡುಗೆಮನೆಯಿಂದ ಬರುತ್ತಿತ್ತು. ಹೆಂಡತಿ ಪರಸವ್ವ ಅಂಗನವಾಡಿಯಲ್ಲಿ ಸಹಾಯಕಿ, ಕೆಲಸಕ್ಕೆ ಹೋಗುವ ಮುಂಚೆ ರೊಟ್ಟಿ ಬಡಿಯುತ್ತಾಳೆ. ಮೊದಲೆಲ್ಲ ನಾನು ಒಲೆಗೆ ಬೆನ್ನು ಮಾಡಿ, ಒಲೆಯ ಕಟ್ಟೆಗೆ ಹೊಂದಿಸಿ ಬಡಿದ ಹಲಗೆಗೆ ಒರಗಿ ಅಲ್ಲೇ ಚಹಾ ಕುಡಿಯುತ್ತಿದ್ದೆ. ಯಂತ್ರ ಬಂದ ಮೇಲೆ ಆಕೆ, "ಹೊಗಿ ಆಗತೈತಿ, ಹೊರಗ ಕೂಡ್ರಿ" ಎಂದು ಪಡಸಾಲೆಗೆ ಕಳಿಸಿದಳು. ಅಲ್ಲಿ ಕೂತರೆ ರೊಟ್ಟಿಯ ಪಟಪಟದ ನಡುವೆ ಗುಂಯ್ ಎಂಬ ಸಣ್ಣ ಸದ್ದು. ಏಳುವುದು, ಇಳಿಯುವುದು, ನಿಲ್ಲುವುದು, ಮತ್ತೆ ಶುರು. ನಾನು ಹೊಸ್ತಿಲಿಗೆ ಬಂದರೆ ಥಟ್ಟನೆ ಬಂದ್.

"ಅದೇನ ಸಪ್ಪಳಬೇ?" ಎಂದು ಕೇಳಿದೆ.

"ಯಾವ ಸಪ್ಪಳರಿ? ನನಗೇನೂ ಕೇಳಿಸಲಿಲ್ಲ" ಎಂದಳು, ನನ್ನ ಕಡೆ ನೋಡದೆ.

ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮರುದಿನ ಚಾರ್ಜಿಗೆ ಇಟ್ಟವನಂತೆ ಮೊಬೈಲನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಸದ್ದು ಹಿಡಿಯುವ ಗುಂಡಿ ಒತ್ತಿ ಹೊರಗೆ ಬಂದೆ. ಗ್ಯಾರೇಜಿಗೆ ಹೋಗುವಾಗ ಅದನ್ನು ತೆಗೆದುಕೊಂಡು, ದಾರಿಯಲ್ಲಿ ಹಚ್ಚಿ ಕೇಳಿದೆ. ಗುಂಯ್ ಎಂಬುದರ ಹೊರತು ನನಗೇನೂ ತಿಳಿಯಲಿಲ್ಲ. ಎಂದಿನಂತೆ ಗುಂಪಿಗೆ ಹಾಕಿದೆ: "ಇದನ್ನ ಹೇಳಿದವರು ಶಾಣ್ಯಾ."

ಉತ್ತರಗಳ ಮೇಲೆ ಉತ್ತರ. ಗ್ಯಾಸಿನ ರೆಗ್ಯುಲೇಟರ್ ಸೋರುತ್ತಿರಬಹುದು, ಮೊದಲು ಸಿಲಿಂಡರ್ ಬಂದ್ ಮಾಡಿ ಎಂದರು ಅಮೋಘಿ ಮಾಸ್ತರರು. ಫ್ರಿಜ್ಜು ಎಂದರು ಒಬ್ಬರು. ಅಟ್ಟದ ಮೇಲೆ ಜೇನು ಕಟ್ಟಿದೆ ಎಂದು ಇನ್ನೊಬ್ಬರು ಪಂಥ ಕಟ್ಟಿದರು. ಸಂಜೆ ನಾನು ಸಿಲಿಂಡರಿಗೆ ಸಾಬೂನು ನೀರು ಹಚ್ಚಿ ನೋಡಿದೆ. ಫ್ರಿಜ್ಜಿಗೆ ಕಿವಿ ಹಚ್ಚಿದೆ. ಅಟ್ಟ ಹತ್ತಿ ಧೂಳು ತಿಂದು ಇಳಿದೆ. ಪರಸವ್ವ ನೋಡುತ್ತ ನಿಂತಿದ್ದಳು. ಆಕೆಯ ಮುಖ ಬಾಡಿದ್ದನ್ನು ಕಂಡೆ, ಏಕೆಂದು ಯೋಚಿಸಲಿಲ್ಲ.

ಮರುದಿನ ಗ್ಯಾರೇಜಿನಲ್ಲಿ ಊಟಕ್ಕೆ ಕೂತಾಗ ಅಬೇದಾಳ ಸಂದೇಶ ಬಂತು. ಗುಂಪಿಗಲ್ಲ, ನನಗೊಬ್ಬನಿಗೇ.

"ಅಣ್ಣಾ, ಮೊದಲ ಅದನ್ನ ಗುಂಪಿನಿಂದ ಅಳಸ್ರಿ. ಆಮ್ಯಾಲೆ ಮಾತಾಡೋಣ."

"ಯಾಕವಾ? ಏನದು?"

"ಅದು ಮಷೀನ್ ಅಲ್ಲರಿ. ನಿಮ್ಮ ಮನಿಯವ್ರು ಮಾತಾಡಾಕತ್ತಾರ. ಬಾಯಿ ತೆರೀದಂಗ, ಸಣ್ಣ ದನಿಲೆ. ನಾ ಇಯರ್‌ಫೋನ್ ಹಾಕ್ಕೊಂಡ ಕೇಳಿದೆ. ಪೂರಾ ಕೇಳಲಿಲ್ಲ, ನಿಲ್ಲಿಸಿಬಿಟ್ಟೆ."

ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ. "ಯಾರ ಕೂಡ ಮಾತಾಡ್ತಾಳ?" ಎಂದು ಬರೆದೆ.

"ನಿಮ್ಮ ಕೂಡರಿ."

"ನಾ ಅಲ್ಲಿ ಇದ್ದಿಲ್ಲಲ್ಲ."

ಉದ್ದನೆಯ ಉತ್ತರ ಬಂತು: "ನಿಮಗ ಕೇಳದಿದ್ದಾಗ ನೀವು ಅಲ್ಲೇ ಕೂಡ್ತಿದ್ರಂತ, ಅವ್ರು ಎಲ್ಲಾ ನಿಮ್ಮ ಬೆನ್ನಿಗೆ ಹೇಳಿ ಹಗುರ ಆಗ್ತಿದ್ರು. ನನಗ ಗೊತ್ತೈತಿ, ನಾನೂ ನಮ್ಮ ಮನಿಯವ್ರ ಬೆನ್ನಿಗೆ ಹಂಗ ಹೇಳ್ಕೊಂಡ ಬಂದಾಕಿ. ಈಗ ನಿಮಗ ಕಿವಿ ಬಂದಾವ. ಇನ್ನ ಯಾರ ಮುಂದ ಹೇಳ್ಲಿ ಅಂತ ಕೇಳಾಕತ್ತಾರ ಅದರಾಗ. ಅಷ್ಟ ಹೇಳ್ತೀನಿ. ಉಳಿದದ್ದು ನಾ ಹೇಳೂದಲ್ಲ."

ಮೊದಲು ಗುಂಪಿನಿಂದ ಅಳಿಸಿದೆ. ಆಮೇಲೆ, ಯಾರಾದರೂ ಇಟ್ಟುಕೊಂಡಿದ್ದರೆ ದಯಮಾಡಿ ತೆಗೆದುಹಾಕಿ ಎಂದು ಬರೆದೆ. ಇನ್ನು ನೂರು ಪ್ರಶ್ನೆ ಬರುತ್ತವೆ ಎಂದುಕೊಂಡಿದ್ದೆ. "ಅಳಿಸೇನ್ರಿ. ಯಾಕ ಅಂತ ಕೇಳೂದಿಲ್ಲ" ಎಂದು ಅಮೋಘಿ ಮಾಸ್ತರರು ಬರೆದರು. ಜೇನಿನ ಪಂಥ ಕಟ್ಟಿದವರೂ ಅದನ್ನೇ ಬರೆದರು. ಒಬ್ಬೊಬ್ಬರಾಗಿ ಎಲ್ಲರೂ ಬರೆದರು.

ಆದರೆ ನನ್ನ ಮೊಬೈಲಿನಲ್ಲಿ ಅದು ಇನ್ನೂ ಇತ್ತು. ಗ್ಯಾರೇಜಿನ ಹುಡುಗರ ಇಯರ್‌ಫೋನ್ ಇಸಿದುಕೊಂಡು, ಸದ್ದು ಏರಿಸಿ, ಬಾರಿ ಬಾರಿ ಕೇಳಿದರೆ ನಾಲ್ಕು ಮಾತಾದರೂ ಕಿವಿಗೆ ಹತ್ತುತ್ತಿದ್ದವು. ಮೇಘಾಳಿಗೆ ಕೊಟ್ಟರೆ ಎಲ್ಲವೂ ತಿಳಿಯುತ್ತಿತ್ತು. ಹಲ್ಲಿಯ ಸದ್ದನ್ನೂ ಬಿಡದೆ ವಿಚಾರಿಸಿದವನು ನಾನು, ಹೆಂಡತಿಯ ಮಾತು ಕೇಳಬೇಕೆಂದು ಜೀವ ಹೇಗೆ ಒದ್ದಾಡಿತೆಂದು ಹೇಳಲಾರೆ. ಹೊಟ್ಟೆಕಿಚ್ಚೂ ಆಯಿತು. ನನ್ನ ಬೆನ್ನಿಗೆ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ. ಕಡೆಗೆ ಕಣ್ಣು ಮುಚ್ಚಿ ಅದನ್ನೂ ಅಳಿಸಿದೆ.

ಸಂಜೆ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಪರಸವ್ವ ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಎಷ್ಟ ಮಂದಿ ಕೇಳ್ಯಾರ?"

"ಎಲ್ಲಾರೂ ನನ್ನಂಥ ಕಿವುಡ್ರ ಅದಾರ. ತಿಳಿದದ್ದು ಒಬ್ಬಾಕಿಗೆ, ಆಕೀನೂ ಪೂರಾ ಕೇಳಿಲ್ಲ."

"ನೀವು?"

"ಇಲ್ಲ. ಅಳಿಸೇನಿ."

ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಎದ್ದು ಒಳಗೆ ಹೋದಳು. ಮರುದಿನದಿಂದ ಆ ಗುಂಯ್ ಎಂಬುದೂ ನಿಂತಿತು. ರೊಟ್ಟಿ ಬಡಿಯುವ ಸದ್ದು ಮಾತ್ರ, ತಡೆಯಿಲ್ಲದೆ, ಒಂದೇ ಸಮನೆ. ಯಂತ್ರ ಚೆನ್ನಾಗಿಯೇ ಇತ್ತು, ಮನೆಯೇ ಮೂಕವಾಗಿತ್ತು. ನನಗೆ ಅಳು ಬಂತು.

ಸೋತು ಅಬೇದಾಳಿಗೆ ಬರೆದೆ: "ನಿಮ್ಮ ಮನ್ಯಾಗ ಏನ ಮಾಡಿದ್ರವಾ?"

"ನಮ್ಮ ಮನಿಯವ್ರು ಮುಂಜಾನೆ ಯಂತ್ರ ತಗದು ನನ್ನ ಕೈಯಾಗ ಕೊಡ್ತಾರ. ನಾ ತಿರುಗಿ ಕೊಟ್ಟಾಗ ಹಾಕ್ಕೋತಾರ. ಅಷ್ಟರಿ."

ಮರುದಿನ ನಾನು ಅಡುಗೆಮನೆಗೆ ಹೋಗಿ ಕಿವಿಯ ಯಂತ್ರ ಬಿಚ್ಚಿ ಪರಸವ್ವನ ಮುಂದೆ ಹಿಡಿದೆ. ಆಕೆ ಒಂದು ಗಳಿಗೆ ನೋಡಿ, ಹಿಟ್ಟಿನ ಕೈ ಒರೆಸಿಕೊಂಡು ತೆಗೆದುಕೊಂಡಳು, ಉಪ್ಪಿನ ಡಬ್ಬಿಯ ಮೇಲಿಟ್ಟಳು. ನಾನು ಒಲೆಗೆ ಬೆನ್ನು ಮಾಡಿ ಹಲಗೆಗೆ ಒರಗಿ ಕೂತೆ. ಕಿವಿಗೆ ಏನೂ ಕೇಳಿಸಲಿಲ್ಲ. ಆದರೆ ಹಲಗೆಯಿಂದ ರೊಟ್ಟಿಯ ಬಡಿತ ಬೆನ್ನಿಗೆ ಬರುತ್ತಿತ್ತು. ಒಂದೇ ಸಮನೆ, ತಡೆಯಿಲ್ಲದೆ. ಅದರ ಮರುದಿನವೂ ಹಾಗೇ.

ಆಮೇಲೊಂದು ಬೆಳಿಗ್ಗೆ ಬಡಿತ ನಿಂತಿತು. ನಾಲ್ಕು ಏಟು, ಮತ್ತೆ ನಿಂತಿತು. ಎರಡು ಏಟು, ತುಸು ಹೊತ್ತು ಬಿಡುವು. ಆಗ ನೆನಪಾಯಿತು. ನಾನು ಕಿವುಡನಾಗಿದ್ದ ವರ್ಷಗಳಲ್ಲೆಲ್ಲ ಬೆನ್ನಿಗೆ ತಾಗುತ್ತಿದ್ದದ್ದು ಈ ಬಡಿತವೇ. ಪರಸವ್ವ ರೊಟ್ಟಿ ಬಡಿಯುವ ರೀತಿಯೇ ಹೀಗೆ ಎಂದುಕೊಂಡಿದ್ದೆ. ಆ ಬಿಡುವುಗಳೆಲ್ಲ ಮಾತುಗಳಾಗಿದ್ದವು. ತಿರುಗಿ ಆಕೆಯ ತುಟಿ ನೋಡಬೇಕೆಂದು ಕುತ್ತಿಗೆ ಎಳೆಯುತ್ತಿತ್ತು. ತಿರುಗಲಿಲ್ಲ.

ಚಹಾ ಆರಿ ತಣ್ಣಗಾದ ಮೇಲೆ ಭುಜಕ್ಕೆ ಕೈ ತಾಗಿತು. ಪರಸವ್ವ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು, ಕಣ್ಣು ಒದ್ದೆಯಾಗಿದ್ದವು. ಹಿಟ್ಟಿನ ಬೆರಳಿನಿಂದಲೇ ಯಂತ್ರವನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಕುಂಯ್ ಎಂದು ಸೀಟಿ ಬಂದು ಸುಮ್ಮನಾಯಿತು.

"ನಿಮ್ಮ ಮ್ಯಾಲ ನನಗ ಭಾಳ ಸಿಟ್ಟೈತಿ" ಎಂದಳು. ದನಿ ತಗ್ಗಿಸದೆ, ಬಾಯಿ ತುಂಬ.

"ಯಾವಾಗಿಂದ?"

"ಮೇಘಾ ಸಾಲಿಗಿ ಹೋಗಾಕತ್ತಾಗಿಂದ."

"ಯಾಕಬೇ?"

ಆಕೆ ಎದ್ದು ಒಲೆಯ ಕಡೆ ತಿರುಗಿದಳು. "ರೊಟ್ಟಿ ಸೀಯಾಕತ್ತೈತಿ. ಅದನ್ನ ನಾಳಿಗೆ ಹೇಳ್ತೀನಿ" ಎಂದಳು.

ಆಕೆ ನನ್ನ ಮುಖ ನೋಡಿಯೇ ಸಿಟ್ಟಿದೆ ಎಂದಳಲ್ಲ, ಅಷ್ಟಕ್ಕೇ ನನಗೆ ಹಿಡಿಸಲಾರದ ಸಂತೋಷವಾಗಿತ್ತು. ತಣ್ಣಗಾದ ಚಹಾ ಕುಡಿದು ಅಲ್ಲೇ ಕೂತೆ, ಹೊರಗೆ ಹೋಗಿ ಎಂದು ಆಕೆ ಹೇಳಲಿಲ್ಲ.