ತಂಬೂರಿಗೆ ಹೊಕ್ಕ ಮುಳ್ಳು

"ಗರಗಸ ಕೆಳಕ್ಕಿಡು ಕಣ್ಲಾ!" ಎಂದು ಚೌಡಯ್ಯ ಕೂಗಿದ ರಭಸಕ್ಕೆ ಮಗ ನಾಗಯ್ಯನ ಕೈ ಅಲ್ಲೇ ನಿಂತಿತು. "ನನ್ ಗುರು ಕೊಟ್ಟಿರೋ ತಂಬೂರಿ ಕಣ್ಲಾ ಅದು. ತಲೆ ಕುಯ್ದ್ಬುಟ್ಟು ಮುಂಡಕ್ ಪೂಜೆ ಮಾಡ್ಲಾ?"

ಊರೂರಿನಲ್ಲಿ ಪದ ಹಾಡುವ ನೀಲಗಾರನ ಮಗ ನಾಗಯ್ಯ ಜಲಪಾತದ ಬಳಿಯ ಬ್ಲಫ್‌ನಲ್ಲಿ, ಕರೆಂಟು ತಯಾರಿಸುವ ಮನೆಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ತಂಬೂರಿಯ ಬಿರಡೆ ಜಾರಿ ಜಾರಿ ತಂತಿ ಸಡಿಲವಾಗುತ್ತಿದ್ದಾಗ, ಅಪ್ಪನ ಪಾಡು ನೋಡಲಾರದೆ, ಬಿರಡೆಗೆ ಅಡ್ಡಲಾಗಿ ಒಂದು ಕಬ್ಬಿಣದ ತಿರುಪು ಮೊಳೆ ಬಿಗಿದುಬಿಟ್ಟಿದ್ದ. ಬಿರಡೆ ಮತ್ತೆ ಅಲ್ಲಾಡಲಿಲ್ಲ. ಕೇರಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು.

ಆಮೇಲೆ ನಾಲೆಗೆ ನೀರು ಬಂತು, ನೀರಿನ ಜೊತೆ ಸೊಳ್ಳೆಯೂ, ಆ ವರ್ಷವೇ ಚಳಿಜ್ವರವೂ ಬಂತು. ಮೂರು ತಿಂಗಳು ಮಲಗಿ ಎದ್ದ ಚೌಡಯ್ಯನ ದನಿ ತಗ್ಗಿಹೋಗಿತ್ತು. ತಂತಿ ಮಾತ್ರ ಹಳೆಯ ಎತ್ತರದಲ್ಲೇ ಇತ್ತು. ಇಳಿಸೋಣವೆಂದರೆ ಮೊಳೆ ತುಕ್ಕು ಹಿಡಿದು ಮರವನ್ನು ಕಚ್ಚಿಕೊಂಡಿತ್ತು. ಎಟುಕದ ಶ್ರುತಿಗೆ ಹಾಡಿ ನಗೆಪಾಟಲಾಗುವುದು ಬೇಡವೆಂದು ಅವನು ಹಾಡುವುದನ್ನೇ ಬಿಟ್ಟಿದ್ದ.

ಈಗ ಮರಿಸಿದ್ದಯ್ಯ ಬಂದು ಜಗಲಿಯ ಮೇಲೆ ಕೂತಿದ್ದ. ಇಪ್ಪತ್ತು ವರ್ಷ ಚೌಡಯ್ಯನ ಹಿಂದೆ ನಿಂತು ಹಿಮ್ಮೇಳದ ಸೊಲ್ಲು ಹಿಡಿದವನು. "ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ಸ್ವಾಮಾರ ಪದ ಆಡಾಕೆ ನಮ್ಮನ್ನ ಕರ್ದವ್ರೆ. ನೀನು ಬರಾಕಿಲ್ಲ ಅಂದ್ರೆ ನಾನು ಬ್ಯಾರೆ ಮ್ಯಾಳ ಸೇರ್ಕತೀನಿ. ಒತ್ತು ಮುಳುಗೋಗಂಟ ಕಾಯ್ತೀನಿ" ಎಂದಿದ್ದ. ಅದಕ್ಕೇ ನಾಗಯ್ಯ ಮೊಳೆ ಕಚ್ಚಿದ್ದ ತಲೆಯ ಭಾಗವನ್ನೇ ಕುಯ್ದು ತೆಗೆಯಲು ಗರಗಸ ಹಿಡಿದಿದ್ದ.

ಪಟ್ಟಲಮ್ಮ ಗಂಡನನ್ನೂ ಮಗನನ್ನೂ ಬದಿಗೆ ಸರಿಸಿ ತಂಬೂರಿಯ ಮುಂದೆ ಕೂತಳು. ಊರಿನಲ್ಲಿ ಯಾರ ಕಾಲಿಗೆ ಜಾಲಿ ಮುಳ್ಳು ಮುರಿದರೂ ತೆಗೆಸಿಕೊಳ್ಳಲು ಅವಳ ಹತ್ತಿರವೇ ಬರುತ್ತಿದ್ದರು.

"ಇದೂ ಮುಳ್ಳೇ ಕಣ್ಲಾ. ಕಬ್ಬುಣದ್ದು, ಅಷ್ಟೇಯ. ಒಲೇಲಿ ಕೆಂಡ ಮಾಡು, ಓಗು."

ಮೊಳೆಯ ತಲೆಯ ಗೀರಿನಲ್ಲಿದ್ದ ತುಕ್ಕನ್ನು ಸೂಜಿಯಿಂದ ಕೆದಕಿ ತೆಗೆದಳು. ಸುತ್ತಲಿನ ಮರ ಸುಡದಂತೆ ನೀರಲ್ಲಿ ನೆನೆಸಿ ಹಿಂಡಿದ ಬಟ್ಟೆ ಸುತ್ತಿದಳು. ದಬ್ಬಳವನ್ನು ಕೆಂಪಗೆ ಕಾಯಿಸಿ ಮೊಳೆಯ ತಲೆಗೆ ಮಾತ್ರ ತಾಗಿಸಿ ಹಿಡಿದಳು. ಮೊಳೆ ಕಾಯಿತು, ಆರುವಾಗ ಒಂದು ತೊಟ್ಟು ಹರಳೆಣ್ಣೆ ಬಿಟ್ಟಳು. ಮತ್ತೆ ಕಾಯಿಸಿದಳು, ಮತ್ತೆ ಎಣ್ಣೆ. ನಾಲ್ಕನೆಯ ಸಲಕ್ಕೆ ನಾಗಯ್ಯನ ತಾಳ್ಮೆ ಮುಗಿದಿತ್ತು. ಅವಳದು ಮುಗಿದಿರಲಿಲ್ಲ.

"ಈಗ ನಿನ್ ತಿರುಪುಳಿ ಇಕ್ಕಿ ಒಳಕ್ಕೆ ತಿರುಗ್ಸು."

"ಒಳಕ್ಕಾ? ತೆಗೀಬೇಕಾಗಿರೋದು ಕಣವ್ವ!"

"ಮುಳ್ಳ ಮೊದ್ಲು ಒಸಿ ಒಳಕ್ಕೆ ಒತ್ತಿ ಅಲುಗಿಸ್ಬೇಕು. ಆಮ್ಯಾಕೆ ತಾನೇ ಬತ್ತದೆ. ಕೂದ್ಲೆಳೆಯಷ್ಟು ಸಾಕು."

ನಾಗಯ್ಯ ಮೈಭಾರವೆಲ್ಲ ಹಾಕಿ ಒತ್ತಿ ತಿರುಗಿಸಿದ. ಟಕ್ ಎಂದಿತು. ಮರ ಸೀಳಿತೆಂದು ಚೌಡಯ್ಯ ಕಣ್ಣು ಮುಚ್ಚಿಕೊಂಡ. ಪಟ್ಟಲಮ್ಮ ಬೆರಳಾಡಿಸಿ ನೋಡಿದಳು. ಮರ ನುಣ್ಣಗಿತ್ತು, ಟಕ್ಕೆಂದು ಬಿಟ್ಟದ್ದು ತುಕ್ಕಿನ ಹಿಡಿತ. ಇನ್ನು ಹೊರಕ್ಕೆ ತಿರುಗಿಸಿದರೆ ಕಾಲು ಸುತ್ತು, ಅರ್ಧ ಸುತ್ತು, ಕಿರುಗುಟ್ಟುತ್ತ ಎರಡು ವರ್ಷದ ಶನಿ ಇಡಿಯಾಗಿ ಹೊರಬಂತು. ನಾಗಯ್ಯ ಅದನ್ನು ಎತ್ತಿ ಹಿಡಿದು, "ಬಂತು ಕಣ್ರಪ್ಪೋ!" ಎಂದು ಕೂಗಿದ್ದು ಕೇರಿಯ ಆ ತುದಿಗೂ ಕೇಳಿಸಿತು. ಅವನ ಹಿಗ್ಗಿಗೆ ಮಿತಿಯೇ ಇರಲಿಲ್ಲ.

ಪಟ್ಟಲಮ್ಮ ಜಾರುವ ಬಿರಡೆಗೆ ತೆಳ್ಳನೆಯ ಬಟ್ಟೆಚೂರು ಸುತ್ತಿ ಕೂರಿಸಿದಳು. ಚೌಡಯ್ಯ ತಂಬೂರಿಯನ್ನು ಹೆಗಲಿಗೊರಗಿಸಿಕೊಂಡು ತಂತಿ ಬಿಗಿದ. ಅಭ್ಯಾಸದ ಕೈ, ಹಳೆಯ ಎತ್ತರಕ್ಕೇ ಹೋಯಿತು. ಬಾಯಿ ತೆರೆದ, ದನಿ ಸೀಳಿ ಕೆಮ್ಮು ಬಂತು. ಜಗಲಿಯಲ್ಲಿ ಮರಿಸಿದ್ದಯ್ಯ ಎದ್ದು ಪಂಚೆ ಕೊಡವಿಕೊಂಡು ಹೊರಡಲು ಅಂಗಳಕ್ಕಿಳಿದ.

"ಇಳಿಸು ಮತ್ತೆ" ಎಂದಳು ಪಟ್ಟಲಮ್ಮ. "ನಾನ್ ಮುಳ್ಳ್ ತೆಗೆದಿದ್ದು ಯಾಕೆ? ನಿನ್ ಗಂಟ್ಲು ಇರೋ ತಾವ್ಕೆ ಇಳಿಸು."

ಚೌಡಯ್ಯನಿಗೆ ನಾಚಿಕೆಯಾಯಿತು. ಆದರೂ ಬಿರಡೆ ತಿರುಗಿಸಿದ. ಇನ್ನೂ ಒಂದಿಷ್ಟು ಇಳಿಸಿದ. ತಂತಿ ತುಂಬಿಕೊಂಡು ಮಿಡಿಯಿತು. ಕಣ್ಣು ಮುಚ್ಚಿ ಗುರುವಿನ ಹೆಸರು ಎತ್ತಿದ. ತುಂಬು ದನಿ, ಅವನೇ ಹಿಂದೆಂದೂ ಕೇಳದಿದ್ದ ದನಿ, ತಂತಿಯ ಪಕ್ಕದಲ್ಲಿ ಸಲೀಸಾಗಿ ಕೂತಿತು.

ಮೊದಲ ಸಾಲು ಮುಗಿಯುತ್ತಿದ್ದಂತೆ ಅಂಗಳದಿಂದ ಮರಿಸಿದ್ದಯ್ಯನ ಸೊಲ್ಲು, ಅಷ್ಟೇ ಕೆಳಗಿಳಿದು, ಬಂದು ಕೂಡಿಕೊಂಡಿತು.